ಪಾನಗೃಹದಲ್ಲಿ ಪೂರ್ವರಂಗ

ಮನುಷ್ಯರಿಗೆ ತಗಲುವಂತೆ ಮಾತುಗಳಿಗೂ ಸಹವಾಸದೋಷ ತಗಲುವುದುಂಟು. ‘ಬ್ಯಾಂಡು’ ಎಂಬ ಆಂಗ್ಲಶಬ್ದವನ್ನೇ ತೆಗೆದುಕೊಳ್ಳಬಹುದು. ನಮ್ಮ ತಂದೆಯವರ ಕಾಲದಲ್ಲಿ ಮೈಸೂರು ಸೀಮೆಯವರ ಬಾಯಲ್ಲಿ ಬ್ಯಾಂಡೆಂದರೆ ಅರಮನೆಯ ಬ್ಯಾಂಡು. ಆ ಮಾತಿಗೊಂದು ಗಾಂಭೀರ್ಯವಿದ್ದಿತು. ಶ್ರೀ ಜಯಚಾಮರಾಜ ಒಡೆಯರು ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರಷ್ಟೆ. ಅವರಿಗೆ ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಪರಿಶ್ರಮವಿದ್ದಿತು. ರಷ್ಯಾದೇಶದ ಮೆಡ್ಟ್ನರ್ ಎಂಬ ಸಂಗೀತರಚನಕಾರನು ಲಂಡನ್ನಿನಲ್ಲಿ ತನ್ನ ಮುಪ್ಪನ್ನು ಕಳೆಯುತ್ತಿದ್ದಾಗ, ಅವನ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕೆ ದ್ರವ್ಯಸಹಾಯ ಮಾಡಿದವರು ಅವರೇ; ಆತನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದನು. ಅತ್ತ ಬೆಂಗಳೂರಿನ ದಂಡುಪ್ರದೇಶದ ಸೈನ್ಯದ ಬ್ಯಾಂಡುಗಳು ಸಂಜೆಯ ಹೊತ್ತು ಕಬ್ಬನ್ ಪಾರ್ಕಿನ ಮಂಟಪದಲ್ಲಿ ನುಡಿಸುತ್ತಿದ್ದುವು. ಗೃಹಸ್ಥರು ಹೆಂಡತಿಮಕ್ಕಳೊಡನೆ ಹೋಗಿ ಕೇಳಿ ಬರುತ್ತಿದ್ದರು. ಯಾರೂ ಮುಖವನ್ನು ಮರೆಮಾಡಿಕೊಳ್ಳುತ್ತಿರಲಿಲ್ಲ.

ಆಮೇಲೆ ಈ ಶಬ್ದಕ್ಕೆ ‘ಲೈವ್’ ಎಂಬ ವಿಶೇಷಣವು ಬಂದು ಸೇರಿತು. ಅರ್ಥವೇನೋ ನಿರ್ದೋಷವಾದುದೇ: ಮುದ್ರಿತವಲ್ಲದ, ಎದುರಿಗೆ ಕುಳಿತು ನುಡಿಸುವ ವಾದ್ಯಗೋಷ್ಠಿ. ಆದರೆ ಬೆಂಗಳೂರಿನಲ್ಲಿ ಕೆಲವು ಬಾರುಗಳು ಹೆಣ್ಣುಮಕ್ಕಳನ್ನು ಕುಣಿಸಿ, ನೋಟು ಎಸೆಯುವ ಗಿರಾಕಿಗಳನ್ನು ಕೂಡಿಹಾಕಿ, ಆ ವ್ಯಾಪಾರಕ್ಕೆ ‘ಲೈವ್ ಬ್ಯಾಂಡ್’ ಎಂಬ ಫಲಕವನ್ನು ತಗುಲಿಸಿದುವು. 2005ರಲ್ಲಿ ಅಲ್ಲಿಯ ಪೊಲೀಸು ಅಧಿಕಾರಿಗಳು 1963ರ ಕರ್ನಾಟಕ ಪೊಲೀಸು ಕಾಯಿದೆಯ ಮೇರೆಗೆ ಒಂದು ಆಜ್ಞೆಯನ್ನು ಹೊರಡಿಸಿ, ಕ್ಯಾಬರೆ, ಡಿಸ್ಕೋ, ಲೈವ್ ಬ್ಯಾಂಡ್ ಇವೆಲ್ಲಕ್ಕೂ ಲೈಸೆನ್ಸು ಬೇಕೆಂದು ವಿಧಿಸಿದರು. ವ್ಯಾಜ್ಯ ವರ್ಷಗಟ್ಟಲೆ ನಡೆದು, 2018ರ ಜನವರಿ 25ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಕುಣಿಸುವವರನ್ನು ಹಿಡಿಯುವುದಕ್ಕೆ ಹೆಣೆದ ಬಲೆಯಲ್ಲಿ, ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬಂದ ಬಡಪಾಯಿಗಳೂ ಸಿಕ್ಕಿಬಿದ್ದರು. ಆ ವರ್ಷದ ನಡುವಿನಲ್ಲಿ, ಲೈಸೆನ್ಸಿಲ್ಲದ ಪಬ್ಬುಗಳಲ್ಲಿ ವಾದ್ಯಗಳ ಸದ್ದೇ ಅಡಗಿತು. ಹಳೆಯ ಕಟ್ಟಡಗಳಿಗೆ ಬೇಕಾದ ಪ್ರಮಾಣಪತ್ರಗಳನ್ನು ತಂದೊಪ್ಪಿಸುವುದು ಅನೇಕ ಮಾಲೀಕರಿಗೆ ಸಾಧ್ಯವಾಗಲಿಲ್ಲ. ನ್ಯಾಯಾಲಯದ ತೀರ್ಪಿನ ಮೇಲೆ ವ್ಯಾಖ್ಯಾನ ಬರೆಯುವ ಅಧಿಕಾರ ನನಗಿಲ್ಲ. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬನು ಮಾಡಿದ ತಪ್ಪಿಗೆ ಇನ್ನೊಬ್ಬನು ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬರುವುದು ಲೋಕದಲ್ಲಿ ಹೊಸದೂ ಅಲ್ಲ.

ನಾನು ಪಾಠಶಾಲೆಯಲ್ಲಿ ವ್ಯಾಕರಣ ಓದಿದವನು. ಶಬ್ದವಿಚಾರವೆಂದರೆ ನನಗೆ ಚಪಲ. ಆದರೆ ಈ ಶಬ್ದದ ಬೆನ್ನು ಹತ್ತಿಸಿದ್ದು ನಮ್ಮ ಮನೆಯ ಒಂದು ಸಂಕಟ.

ನನ್ನ ತಂಗಿಗೆ ಒಬ್ಬನೇ ಮಗ. ಯಜಮಾನರು ತೀರಿಕೊಂಡ ಮೇಲೆ ಅವಳು ಅವನನ್ನು ಓದಿಸಿ ಇಂಜಿನಿಯರನನ್ನಾಗಿ ಮಾಡಿದಳು. ಹುಡುಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಕಾಲೇಜಿನಲ್ಲಿದ್ದಾಗಲೇ ಮೂವರು ಸ್ನೇಹಿತರೊಡನೆ ಕೂಡಿಕೊಂಡು ಒಂದು ಚಿಕ್ಕ ತಂಡವನ್ನು ಕಟ್ಟಿದ್ದನು. ತಾನು ಡ್ರಮ್ಸ್ ಬಾರಿಸುತ್ತಾನೆ. ತಿಂಗಳಿಗೆ ಎರಡು ಶನಿವಾರ ಯಾವುದಾದರೊಂದು ಪಬ್ಬಿನಲ್ಲಿ ಕಾರ್ಯಕ್ರಮ. ಇದಕ್ಕೆ ಅವರು ‘ಗಿಗ್ಗು’ ಎನ್ನುತ್ತಾರೆ; ಒಂದು ನೂರು ವರ್ಷದ ಹಿಂದೆ ಅಮೆರಿಕದ ಜಾಜ್ ವಾದಕರ ನಡುವೆ ಓಡಾಡುತ್ತಿದ್ದ ಮಾತಂತೆ. ಕಳೆದ ವರ್ಷ ಅವನಿಗೊಂದು ಒಳ್ಳೆಯ ಸಂಬಂಧ ಕೂಡಿಬಂದು, ಜಾತಕವೂ ಹೊಂದಿ, ನಿಶ್ಚಿತಾರ್ಥದ ದಿನವನ್ನು ನೋಡುವ ಹಂತದಲ್ಲಿ ಹೆಣ್ಣಿನ ಕಡೆಯವರು ಹಿಂದೆಗೆದರು. ಮಧ್ಯಸ್ಥರು ತಂದ ಮಾತು ಇಷ್ಟೆ: “ಬಾರಿನಲ್ಲಿ ಬಾರಿಸುವವನಿಗೆ ಹೆಣ್ಣು ಕೊಡುವುದು ಹೇಗೆ?” ಶ್ಲೇಷೆಯು ಅವರಿಗೆ ಉದ್ದಿಷ್ಟವಾಗಿದ್ದಿತೋ ಇಲ್ಲವೋ ತಿಳಿಯದು, ಪೆಟ್ಟು ಮಾತ್ರ ಬಲವಾಗಿ ಬಿದ್ದಿತು. ತಂಗಿಯು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ನನ್ನ ಮನೆಗೆ ಬಂದು, “ಅಣ್ಣಯ್ಯ, ನೀನು ಒಮ್ಮೆ ಹೋಗಿ ಕಣ್ಣಾರೆ ನೋಡಿಕೊಂಡು ಬಾ. ಅವನು ಕುಡಿಯುತ್ತಾನೆಯೆ, ಕೆಲಸ ಬಿಡುವ ಯೋಚನೆಯಲ್ಲಿದ್ದಾನೆಯೆ, ಜೊತೆಯವರು ಎಂಥವರು, ಇಷ್ಟನ್ನು ತಿಳಿದು ಬಂದು ಹೇಳು. ನೀನು ಬಿಡು ಎಂದರೆ ಅವನು ಬಿಡುತ್ತಾನೆ,” ಎಂದಳು.

ನಾನು ಹುಡುಗನಿಗೆ ಫೋನು ಮಾಡಿ, ಬರುತ್ತೇನೆಂದು ತಿಳಿಸಿದೆನು. ಅವನು ಅಡ್ಡಮಾತಾಡಲಿಲ್ಲ. “ಬನ್ನಿ ಮಾವ. ಆದರೆ ರಾತ್ರಿ ಎಂಟು ಗಂಟೆಗೆ ಬರಬೇಡಿ, ನಾಲ್ಕಕ್ಕೇ ಬನ್ನಿ. ನಿಮಗೆ ಹಿಡಿಸುವುದು ಆಗಲೇ ಇರುತ್ತದೆ,” ಎಂದನು.

ಮಾಘಮಾಸದ ಒಂದು ಶನಿವಾರ ಹಾಸನದಿಂದ ರೈಲು ಹತ್ತಿದೆನು. ಶ್ರವಣಬೆಳಗೊಳದ ಮೇಲೆ ಹೋಗುವ ಈ ದಾರಿ 2017ರಲ್ಲಿ ತೆರೆದುದು. ಅರಸೀಕೆರೆಯನ್ನು ಬಳಸುವ ತಾಪತ್ರಯ ತಪ್ಪಿದೆ. ಯಶವಂತಪುರದಲ್ಲಿ ಇಳಿದು, ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ಇಂದಿರಾನಗರದಲ್ಲಿ ಇಳಿದೆನು. ಪಂಚೆ, ಉತ್ತರೀಯ, ಕೈಯಲ್ಲಿ ತಂಗಿ ಕೊಟ್ಟ ಗೊಜ್ಜವಲಕ್ಕಿಯ ಡಬ್ಬಿ. ಬಾಗಿಲಲ್ಲಿ ನಿಂತಿದ್ದ ಭೀಮಕಾಯನು ನನ್ನನ್ನು ನೋಡಿ, ವಿಳಾಸ ತಪ್ಪಿ ಬಂದವನೆಂದು ತಿಳಿದು, ಬಹಳ ಮರ್ಯಾದೆಯಿಂದ ದೇವಸ್ಥಾನದ ದಾರಿಯನ್ನು ತೋರಿಸಿದನು!

ಹಗಲು ಹೊತ್ತಿನಲ್ಲಿ ಪಬ್ಬೆಂಬುದು ಒಂದು ವಿಷಣ್ಣವಾದ ಸ್ಥಳ. ಕುರ್ಚಿಗಳೆಲ್ಲ ಮೇಜುಗಳ ಮೇಲೆ ಕಾಲು ಮೇಲಾಗಿ ಕುಳಿತಿದ್ದುವು. ಹಿಂದಿನ ರಾತ್ರಿಯ ಹುಳಿವಾಸನೆಯ ಮೇಲೆ ಫಿನಾಯಿಲಿನ ವಾಸನೆ. ಆಂಗ್ಲರು ಇದನ್ನು ಸಾರ್ವಜನಿಕ ಗೃಹವೆಂದು ಕರೆದು, ಆ ಮಾತನ್ನು ಮೊಟಕುಮಾಡಿದರು. ನಮ್ಮ ಕೌಟಿಲ್ಯನೂ ಸುರಾಧ್ಯಕ್ಷನ ಪ್ರಕರಣದಲ್ಲಿ ಪಾನಾಗಾರಗಳು ಹೇಗಿರಬೇಕೆಂಬುದನ್ನು ವಿಧಿಸಿದ್ದಾನೆ: ಅನೇಕ ಕೋಣೆಗಳು, ಬೇರೆ ಬೇರೆ ಆಸನಗಳು, ಗಂಧ, ಮಾಲೆ, ನೀರು, ಋತುವಿಗೆ ತಕ್ಕ ಸುಖ. ಅಲ್ಲಿಗೆ ಬರುವವರು ಎಷ್ಟು ವೆಚ್ಚಮಾಡುತ್ತಾರೆಂಬುದನ್ನು ಗೂಢಪುರುಷರು ಗಮನಿಸುತ್ತಿರಬೇಕೆಂದೂ ಹೇಳಿದ್ದಾನೆ. ಆ ದಿನ ಆ ಗೂಢಪುರುಷನ ಉದ್ಯೋಗವು ನನ್ನ ಪಾಲಿಗೆ ಬಂದಿದ್ದಿತು.

ಹುಡುಗರು ಟೆಂಪೋದಿಂದ ಸಾಮಾನು ಇಳಿಸುತ್ತಿದ್ದರು. ಹಾಡುವವನು ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಉಪಾಧ್ಯಾಯ. ಅವನೇ ಒಂದು ಗಿಟಾರನ್ನೂ ನುಡಿಸುತ್ತಾನೆ. ಇನ್ನೊಂದು ಗಿಟಾರಿನವನು ಒಂದು ಬ್ಯಾಂಕಿನಲ್ಲಿದ್ದಾನೆ. ಬೇಸ್ ಗಿಟಾರೆಂಬ, ನಾಲ್ಕು ದಪ್ಪ ತಂತಿಗಳ ಮಂದ್ರವಾದ್ಯವನ್ನು ನುಡಿಸುವವಳು ಒಬ್ಬ ಹುಡುಗಿ, ದಂತವೈದ್ಯೆ. ನಾಲ್ವರೂ ನನಗೆ ನಮಸ್ಕಾರ ಮಾಡಿ ತಮ್ಮ ಕೆಲಸದಲ್ಲಿ ಮುಳುಗಿದರು.

ನಮ್ಮ ಹುಡುಗನು ಮೊದಲು ವೇದಿಕೆಯ ಮೇಲೆ ಒಂದು ಜಮಖಾನೆಯನ್ನು ಹಾಸಿದನು. ನೋಡುತ್ತಲೇ ಗುರುತಾಯಿತು: ಕೆಂಪು ನೀಲಿ ಪಟ್ಟೆಗಳು, ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು. ತಂಗಿಯ ಮದುವೆಗೆಂದು ನಮ್ಮ ತಂದೆ ತರಿಸಿದ್ದುದು. ಎರಡು ವರ್ಷದಿಂದ ಅವಳು ಅದನ್ನು ಹುಡುಕುತ್ತಿದ್ದಾಳೆ! “ನುಣುಪಾದ ನೆಲದ ಮೇಲೆ ದೊಡ್ಡ ಡ್ರಮ್ಮು ಒದೆತಕ್ಕೆ ಮುಂದೆ ಮುಂದೆ ಜಾರಿಹೋಗುತ್ತದೆ, ಮಾವ. ಕೆಳಗೆ ಇಂಥದೊಂದು ಬೇಕು,” ಎಂದನು.

ಒದೆತವೆಂದುದು ಅಕ್ಷರಶಃ ನಿಜ. ಈ ವಾದ್ಯಸಮೂಹದಲ್ಲಿ ನೆಲದ ಮೇಲೆ ಅಡ್ಡಲಾಗಿ ನಿಂತ ದೊಡ್ಡ ಡೋಲನ್ನು ಬಲಗಾಲಿನಿಂದ ಮೆಟ್ಟಿ ಬಾರಿಸುತ್ತಾರೆ. ಎಡಗಾಲು ಒಂದರ ಮೇಲೊಂದು ಕುಳಿತ ಎರಡು ಕಂಚಿನ ತಾಳಗಳನ್ನು ಕೂಡಿಸಿ ಬಿಡಿಸುತ್ತದೆ. ಎರಡು ಕೈಗಳಿಗೆ ಉಳಿದ ಡೋಲುಗಳೂ ತೂಗುತಾಳಗಳೂ. ಎದುರಿಗಿರುವ ಚಿಕ್ಕ ಡೋಲಿನ ಕೆಳಮುಖಕ್ಕೆ ಉಕ್ಕಿನ ತಂತಿಗಳ ಒಂದು ಸರ ತಾಗಿಕೊಂಡಿರುವುದರಿಂದ ಅದಕ್ಕೆ ಆ ಗರಗರಿಕೆಯ ಧ್ವನಿ. ಮುಚ್ಚಿಗೆಗೆ ಹಿಂದೆ ಕರುವಿನ ಚರ್ಮವಿದ್ದಿತು. 1950ರ ದಶಕದಿಂದೀಚೆಗೆ ಪ್ಲಾಸ್ಟಿಕ್ಕಿನ ಹಾಳೆ ಬಂದಿದೆ. ಈ ಮೆಟ್ಟುಗೋಲಿಗೆ ಅಮೆರಿಕದ ಲುಡ್ವಿಗ್ ಎಂಬಾತನು ಪೇಟೆಂಟು ಪಡೆದದ್ದು 1909ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿದರು. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಎರಡೂ ಒಂದೇ ದಿನ ನನ್ನ ಮುಂದೆ ಬಂದು ನಿಂತುವೆಂಬುದಕ್ಕಾಗಿ ಹೇಳಿದೆನು.

ಆಮೇಲಿನ ಎರಡು ಗಂಟೆಗಳ ಕಾಲ ನಾನು ಕಂಡುದನ್ನು ಅವರು ಸೌಂಡ್ ಚೆಕ್ ಎನ್ನುತ್ತಾರೆ. ಅದು ಭರತನ ಪೂರ್ವರಂಗ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ, ನಾಟಕ ಆರಂಭವಾಗುವುದಕ್ಕೆ ಮೊದಲು ಯವನಿಕೆಯ ಒಳಗೆ ನಡೆಯತಕ್ಕ ಅಂಗಗಳ ಪಟ್ಟಿಯಿದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಬಾಯಿಪಾಠ ಮಾಡುವಾಗ, ಇಷ್ಟೊಂದು ಹೆಸರುಗಳೇಕೆಂದು ನಾವೆಲ್ಲ ಗೊಣಗುತ್ತಿದ್ದೆವು. ವಾದ್ಯಗಳನ್ನು ಅವುಗಳ ಸ್ಥಾನದಲ್ಲಿ ಇರಿಸುವುದು ಪ್ರತ್ಯಾಹಾರ. ಹಾಡುವವರು ಬಂದು ಕುಳಿತುಕೊಳ್ಳುವುದು ಅವತರಣ. ಕಂಠವನ್ನು ತೊಡಗಿಸುವುದು ಆರಂಭ. ವಾದ್ಯಗಳನ್ನು ಹದಕ್ಕೆ ತರುವುದು ಆಶ್ರಾವಣೆ. ತಂತಿಗಳನ್ನು ಸರಿಪಡಿಸುವುದು ಪರಿಘಟ್ಟನೆ. ಕೈಗಳ ಹೊಡೆತವನ್ನು ಪಳಗಿಸುವುದು ಸಂಘೋಟನೆ. ತಂತಿವಾದ್ಯವೂ ಚರ್ಮವಾದ್ಯವೂ ಒಟ್ಟುಗೂಡುವುದು ಮಾರ್ಗಾಸಾರಿತ. ಅಂದು ಸಂಜೆ ಇವೆಲ್ಲ ಹೆಚ್ಚು ಕಡಮೆ ಅದೇ ಕ್ರಮದಲ್ಲಿ ನನ್ನ ಕಣ್ಣ ಮುಂದೆ ನಡೆದುವು. ಹುಡುಗನು ಒಂದೇ ಡೋಲನ್ನು ಇಪ್ಪತ್ತು ಸಲ ಬಾರಿಸುವನು; ಕೋಣೆಯ ಆ ಕೊನೆಯಲ್ಲಿ ಗುಂಡಿಗಳ ಹಲಗೆಯ ಮುಂದೆ ನಿಂತವನು ತಲೆಯಾಡಿಸುವನು; ಆಮೇಲೆ ಮುಂದಿನ ಡೋಲು. ಮೃದಂಗದವರು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿ ಸೇರಿಸುವಂತೆ ಇವನು ಅಂಚಿನ ತಿರುಪುಗಳನ್ನು ಎದುರುಬದುರಾಗಿ ತಿರುಗಿಸುತ್ತ ಕಿವಿಗೊಟ್ಟು ಕೇಳುತ್ತಿದ್ದನು. ಯಾರೂ ಗಡಿಯಾರವನ್ನು ನೋಡಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದಮಂಜರಿಯನ್ನು ಹೇಳಿಕೊಟ್ಟ ನನಗೆ, ಒಂದೇ ಕೆಲಸವನ್ನು ಇಪ್ಪತ್ತು ಸಲ ಬೇಸರಿಲ್ಲದೆ ಮಾಡುವವನು ಎಂಥವನೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಎಂಟೂವರೆಗೆ ಕಾರ್ಯಕ್ರಮ ಮೊದಲಾಯಿತು. ಸುಮಾರು ನಲವತ್ತು ಮಂದಿ ಇದ್ದರು. ಹುಡುಗನು ನನ್ನ ಕಿವಿಗೆ ಎರಡು ಮೆತ್ತನೆಯ ಬೆಣೆಗಳನ್ನು ಕೊಟ್ಟಿದ್ದನು, ಅವನೂ ಹಾಕಿಕೊಳ್ಳುತ್ತಾನೆ. ಇಂಥ ಸ್ಥಳಗಳಲ್ಲಿ ಧ್ವನಿಯು ಹದಿನೈದು ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದೆಯಷ್ಟೆ. ಅದಕ್ಕಿಂತ ಬಹಳ ಕಡಮೆಯಾಗಿದ್ದರೂ ನನ್ನ ಕಿವಿಗೆ ಹೆಚ್ಚೇ. ಮೊದಲ ನಾಲ್ಕು ಹಾಡುಗಳು ಪರದೇಶದವರವು. ಅವುಗಳ ಗುಣದೋಷಗಳು ನನಗೆ ತಿಳಿಯಲಿಲ್ಲ. ಕೇಳುವವರಿಗೂ ತಿಳಿದಂತೆ ತೋರಲಿಲ್ಲ. ಅವರು ತಮ್ಮತಮ್ಮಲ್ಲಿ ಮಾತಾಡುತ್ತಿದ್ದರು. ನನಗೆ ನಮ್ಮ ಮದುವೆಮನೆಗಳ ವಾಲಗದವರು ನೆನಪಾದರು. ಪಂಕ್ತಿಯಲ್ಲಿ ಹುಳಿ ಬಡಿಸುವಾಗಲೂ, ಬೀಗರು ಮುನಿಸಿಕೊಂಡಾಗಲೂ ಅವರು ಕಲ್ಯಾಣಿಯನ್ನು ನುಡಿಸುತ್ತಲೇ ಇರುತ್ತಾರೆ; ಯಾರೂ ಕೇಳುವುದಿಲ್ಲ. ಮಾಂಗಲ್ಯಧಾರಣೆಯ ಸಮಯದಲ್ಲಿ ಮಾತ್ರ ಹತ್ತು ಕೈಗಳು ಮೇಲೆದ್ದು “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗುತ್ತವೆ. ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿಯ ಸಂಗೀತಕ್ಕೂ ನಾನು ಹೋದವನು. ಅಲ್ಲಿ ಪಾನಕ, ಇಲ್ಲಿ ಪಾನ. ಮದ್ಯದ ವಿಷಯದಲ್ಲಿ ನನ್ನ ಅಭಿಪ್ರಾಯವು ಮೊದಲು ಇದ್ದಂತೆಯೇ ಇದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂದು ಕುಡಿದವರಲ್ಲಿ ಒಬ್ಬರಾದರೂ ಕುಡಿದ ಮೇಲೆ ಹೆಚ್ಚು ರಸಿಕರಾದುದನ್ನು ನಾನು ಕಾಣಲಿಲ್ಲ.

ಐದನೆಯದಾಗಿ ಶಿಶುನಾಳ ಶರೀಫರ ಗುಡುಗುಡಿಯ ತತ್ತ್ವಪದವನ್ನು ಎತ್ತಿಕೊಂಡರು. ಇದನ್ನು ಗಿಟಾರಿನ ಜೊತೆಗೆ ಹಾಡಿ ಹೊರದೇಶಗಳಲ್ಲೆಲ್ಲ ಪರಿಚಯಿಸಿದವರು ರಘು ದೀಕ್ಷಿತರು. ಈ ಹುಡುಗರ ಧಾಟಿ ಬೇರೆ. ಚಟದ ಕೊಳವೆಯನ್ನೇ ದೇಹಕ್ಕೆ ರೂಪಕವಾಗಿ ಮಾಡಿದ ಆ ಪದವನ್ನು, ಬಟ್ಟಲು ಹಿಡಿದವರ ಮುಂದೆ ಹಾಡುವುದೆಂದರೆ ಸಂತನಿಗೂ ಮೆಚ್ಚಿಗೆಯಾಗುವ ತುಂಟತನ. ಮಾತುಗಳು ಅರ್ಧಕ್ಕೆ ನಿಂತುವು. ಅಷ್ಟರಲ್ಲಿ ಹಾಡುವವನ ಗಿಟಾರಿನ ತಂತಿಯೊಂದು ಟಣ್ಣೆಂದು ಕಡಿಯಿತು. ಬ್ಯಾಂಕಿನ ಹುಡುಗನು ತನ್ನ ವಾದ್ಯವನ್ನು ಕೆಳಗಿಟ್ಟು, ಹೊಸ ತಂತಿಯನ್ನು ಹಾಕಲು ಅವನ ಸಹಾಯಕ್ಕೆ ಬಾಗಿದನು. ಉಳಿದವರು ಇಬ್ಬರೇ. ದಂತವೈದ್ಯೆಯು ಒಂದೇ ಸ್ವರಸಮೂಹವನ್ನು ಬಿಡದೆ ಹಿಡಿದು ನಿಂತಳು. ಅದರ ಮೇಲೆ ನಮ್ಮ ಹುಡುಗನು ಬಾರಿಸತೊಡಗಿದನು. ಕಛೇರಿಯ ತನಿ ಆವರ್ತನದಲ್ಲಿ ಎದ್ದುಹೋಗುವ ಶ್ರೋತೃಗಳನ್ನು ನಾನು ಬಹಳ ನೋಡಿದ್ದೇನೆ. ಇಲ್ಲಿ ಜನ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡರು.

ಆಗ ಒಬ್ಬ ಮಧ್ಯವಯಸ್ಕನು ಎದ್ದು ಬಂದನು. ನಡಿಗೆ ತೂಗಾಡುತ್ತಿದ್ದಿತು. ಜೇಬಿನಿಂದ ಐನೂರು ರೂಪಾಯಿನ ನೋಟನ್ನು ತೆಗೆದು, ಹುಡುಗನ ತಲೆಯ ಸುತ್ತ ಮೂರು ಸಲ ಸುಳಿಸಿ, ಅದನ್ನು ಒಂದು ಡೋಲಿನ ಮೇಲೆ ಇರಿಸಿ, ತನ್ನ ಮೇಜಿನವರ ಕಡೆಗೆ ತಿರುಗಿ ನಕ್ಕನು. ಹೆಣ್ಣಿನ ಕಡೆಯವರು ಕಲ್ಪಿಸಿಕೊಂಡಿದ್ದುದು ಇದನ್ನೇ ಆಗಿರಬೇಕು. ಹಣವನ್ನು ಇಟ್ಟ ಆ ಕೈಯನ್ನು ನೋಡಿ ನನ್ನ ಮೈಯೆಲ್ಲ ಬೆಂಕಿಯಾಯಿತು, ಎದ್ದೂ ಬಿಟ್ಟೆನು.

ಹುಡುಗನು ಬಾರಿಸುವುದನ್ನು ನಿಲ್ಲಿಸಲಿಲ್ಲ. ಆದರೆ ನೋಟು ಬಿದ್ದ ಡೋಲಿನ ಮೇಲೆ ಕೋಲು ಮತ್ತೆ ಬೀಳಲಿಲ್ಲ. ಅದೊಂದನ್ನು ಬಿಟ್ಟು ಉಳಿದವುಗಳಲ್ಲಿಯೇ ಲಯವನ್ನು ಹಂಚಿಕೊಂಡು, ಅದನ್ನು ದಾಟಿ ದಾಟಿ ಬಾರಿಸಿದನು. ತಿಳಿಯದವರಿಗೆ ಅದೊಂದು ಹೊಸ ಚಮತ್ಕಾರದಂತೆ ಕಂಡಿರಬೇಕು. ತಂತಿ ಸಿದ್ಧವಾಯಿತು, ಪದ ಮುಗಿಯಿತು, ಚಪ್ಪಾಳೆಯಾಯಿತು. ಆಮೇಲೆ ಅವನು ಇಳಿದು ಬಂದು, ಆ ಮನುಷ್ಯನ ಮೇಜಿನ ಬಳಿಗೆ ಹೋಗಿ, ನೋಟನ್ನು ಎರಡು ಕೈಯಲ್ಲಿ ಹಿಡಿದು, “ಸರ್, ನಿಮ್ಮದು ಅಲ್ಲಿ ಬಿದ್ದಿತ್ತು,” ಎಂದು ಕೊಟ್ಟು ಬಂದನು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಆತನು ತೆಗೆದುಕೊಂಡನು. ನಾನು ಕುಳಿತುಕೊಂಡೆನು.

ಹನ್ನೊಂದಕ್ಕೆ ಮುಗಿಯಿತು. ಕೊನೆಯವರೆಗೂ ಅವರ ಸ್ವಂತದ ಮೂರು ಕನ್ನಡ ಹಾಡುಗಳನ್ನು ಕಿವಿಗೊಟ್ಟು ಕೇಳಿದವರು ನನ್ನ ಲೆಕ್ಕದಲ್ಲಿ ಹನ್ನೊಂದು ಮಂದಿ, ನನ್ನನ್ನು ಬಿಟ್ಟು. ಸಾಹಿತ್ಯದಲ್ಲಿ ಎರಡು ಕಡೆ ವಿಭಕ್ತಿ ತಪ್ಪಿದ್ದಿತು. ಹಾಡಿದವನಿಗೆ ತಿಳಿಸಿದೆನು, ಬರೆದುಕೊಂಡನು. ವ್ಯವಸ್ಥಾಪಕನಿಂದ ಬಂದುದು 12,000 ರೂಪಾಯಿ. ಟೆಂಪೋಗೆ 1,800, ಅಭ್ಯಾಸದ ಕೋಣೆಯ ಬಾಡಿಗೆ 2,400 ಕಳೆದು ಉಳಿದ 7,800ನ್ನು ನಾಲ್ವರು ಹಂಚಿಕೊಂಡರೆ ತಲೆಗೆ 1,950. ಒಂದು ತಿಂಗಳ ಅಭ್ಯಾಸದ ಫಲ. ಕೆಲಸವನ್ನು ಬಿಡುವ ಯೋಚನೆಯುಂಟೆ ಎಂಬ ತಂಗಿಯ ಪ್ರಶ್ನೆಗೆ ಈ ಅಂಕಗಣಿತವೇ ಉತ್ತರ ಕೊಟ್ಟಿತು, ಆದರೂ ಕೇಳಿದೆನು. “ಬಿಟ್ಟರೆ ಡ್ರಮ್ಮಿನ ಕಂತು ಕಟ್ಟುವವರು ಯಾರು, ಮಾವ?” ಎಂದನು. 2018ರಲ್ಲಿ ನುಡಿಸುವುದಕ್ಕೆ ಸ್ಥಳವೇ ಇಲ್ಲದೆ, 2020ರಲ್ಲಿ ಊರೇ ಮುಚ್ಚಿಹೋಗಿ, ಎರಡು ಸಲ ತಂಡವು ಒಡೆಯುವುದರಲ್ಲಿದ್ದಿತಂತೆ. ಕುಡಿತದ ವಿಷಯ ಕೇಳಬೇಕಾಗಲಿಲ್ಲ. ನಾಲ್ಕು ಗಂಟೆಯಿಂದ ಅವನ ಪಕ್ಕದಲ್ಲಿದ್ದುದು ಒಂದು ನೀರಿನ ಸೀಸೆ. ಉಳಿದವರಲ್ಲಿ ಒಬ್ಬನು ಒಂದು ಲೋಟ ಬಿಯರು ಕುಡಿದನು. ಅದನ್ನೂ ತಂಗಿಗೆ ಹೇಳಿದ್ದೇನೆ. ವರದಿಯಲ್ಲಿ ಬಚ್ಚಿಡುವುದು ಗೂಢಪುರುಷನ ಧರ್ಮವಲ್ಲ.

ಪಬ್ಬಿನ ಅಡಿಗೆಮನೆ ಮುಚ್ಚಿದ್ದಿತು. ವಾಲಗದವರಿಗೆ ಕಡೆಯ ಪಂಕ್ತಿಯಾದರೂ ಉಂಟು. ಇವರಿಗೆ ಅದೂ ಇಲ್ಲ. ಸಾಮಾನನ್ನೆಲ್ಲ ಟೆಂಪೋಗೆ ಏರಿಸಿ, ಜಮಖಾನೆಯನ್ನು ಸುತ್ತಿಟ್ಟು, ಬೀದಿಯ ಮೂಲೆಯಲ್ಲಿ ಇಡ್ಲಿಯ ಗಾಡಿಯ ಪಕ್ಕದಲ್ಲಿ ಐವರೂ ನಿಂತೆವು. ನಾನು ಅವಲಕ್ಕಿಯ ಡಬ್ಬಿಯನ್ನು ತೆರೆದೆನು. ನಾಲ್ವರೂ ಕ್ಷಣದಲ್ಲಿ ಖಾಲಿಮಾಡಿದರು. ಅವರು ಕೊಡಿಸಿದ ಇಡ್ಲಿಯನ್ನು ನಾನು ತಿಂದೆನು. ಗಾಯಕನ ಅನ್ನವನ್ನು ಉಣ್ಣಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ನಮ್ಮ ಬೇಲೂರಿನ ಗುಡಿಯನ್ನು ಕಟ್ಟಿದವರು ಅದನ್ನು ಓದಿರಲಿಲ್ಲವೆನ್ನುವಂತಿಲ್ಲ. ಆದರೂ ಮದ್ದಳೆ ಬಾರಿಸುವವರನ್ನು ಕಲ್ಲಿನಲ್ಲಿ ಕೆತ್ತಿ ದೇವರ ಗೋಡೆಯ ಮೇಲೆ ನಿಲ್ಲಿಸಿದರು.

“ಅಮ್ಮನಿಗೆ ಏನು ಹೇಳುತ್ತೀರಿ, ಮಾವ?” ಎಂದು ಹುಡುಗನು ಕೈ ತೊಳೆಯುತ್ತ ಕೇಳಿದನು.

“ನೋಡಿದ್ದನ್ನು ಹೇಳುತ್ತೇನೆ. ಬಿಡು ಎಂದು ನಾನು ನಿನಗೆ ಹೇಳುವುದಿಲ್ಲ. ಜಮಖಾನೆಯ ವಿಷಯ ನೀನೇ ಹೇಳಿಕೋ.”

ಊರಿಗೆ ಬಂದ ದಿನವೇ ತಂಗಿಯ ಮುಂದೆ ಕುಳಿತು ಎಲ್ಲವನ್ನೂ ಒಪ್ಪಿಸಿದೆನು: ಜೊತೆಯವರು ಯಾರು, ಹಣವೆಷ್ಟು, ಇಪ್ಪತ್ತು ಸಲ ಬಾರಿಸಿದ್ದು, ಐನೂರರ ನೋಟು. ನೋಟಿನ ಕಥೆಯನ್ನು ಎರಡನೆಯ ಸಲ ಹೇಳಿಸಿದಳು. ಮುಂದಿನ ಸಂಬಂಧದವರಿಗೆ ಮೊದಲೇ ಎಲ್ಲವನ್ನೂ ತಿಳಿಸಿಬಿಡೋಣವೆಂದೆನು. ಹೂಂ ಎಂದಳು, ಉಹೂಂ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ರಾತ್ರಿ ಹನ್ನೆರಡಕ್ಕೆ ಬೀದಿಯಲ್ಲಿ ನಿಂತು ಇಡ್ಲಿ ತಿನ್ನುತ್ತಾನೆಯೆ?” ಎಂದು ಕೇಳಿ, ಅವಲಕ್ಕಿಯ ಡಬ್ಬಿಯನ್ನು ಒಳಕ್ಕೆ ತೆಗೆದುಕೊಂಡು ಹೋದಳು. ಮರುಶನಿವಾರದ ಹೊತ್ತಿಗೆ ಯಾರ ಕೈಯಲ್ಲೋ ಅದಕ್ಕಿಂತ ದೊಡ್ಡದೊಂದು ಡಬ್ಬಿಯು ಬೆಂಗಳೂರಿಗೆ ಹೋಯಿತು.